ಬ್ರುಸೆಲ್ಲಾ ಜ್ವರ ಮತ್ತು ಇಳಿದ ಕೌಂಟ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ದನ ಕಂದು ಹಾಕುವ (ಗಬ್ಬ ಹೋಗುವ) ರೋಗದ ಬಗ್ಗೆ ಒಬ್ಬರು ಕೇಳಿದ್ದರು. ಅದೇ ರೋಗಾಣು ಮನುಷ್ಯರಿಗೂ ಬಂದು ಬ್ರುಸೆಲ್ಲೋಸಿಸ್ ಅನ್ನೋ ಜ್ವರ ತರುತ್ತದೆ ಅಂತ ಉತ್ತರದಲ್ಲಿ ಒಂದು ಸಾಲು ಸೇರಿಸಿದ್ದೆ. ಈ ಸಲ ಬಂದ ಪತ್ರಗಳೆಲ್ಲ ಆ ಒಂದು ಸಾಲಿನ ಮೇಲೆಯೇ. ಕೆಲವರು ಲ್ಯಾಬ್ ರಿಪೋರ್ಟಿನ ಫೋಟೋನೇ ಕಳಿಸಿದ್ದಾರೆ, ಪ್ಲೇಟ್‌ಲೆಟ್ ಸಂಖ್ಯೆಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ಹಾಗಾಗಿ ಈ ತಿಂಗಳು ಪೂರ್ತಿ ಅದೇ ವಿಷಯ.

ಪ್ರಶ್ನೆ: ಮೇಡಂ, ನಮ್ಮದು ಸಿಂದಗಿ ಹತ್ತಿರದ ಹಳ್ಳಿ. ಕುರಿ, ಮೇಕೆ ಸಾಕಿದ್ದೇವೆ. ನಮ್ಮ ಯಜಮಾನರಿಗೆ 38 ವರ್ಷ, ಒಂದೂವರೆ ತಿಂಗಳಿಂದ ಜ್ವರ. ಬೆಳಿಗ್ಗೆ ಆರಾಮ ಇರುತ್ತಾರೆ, ಸಂಜೆ ಆದರೆ ಚಳಿ ಬಂದು ಜ್ವರ ಏರುತ್ತದೆ, ರಾತ್ರಿ ಅಂಗಿ ಹಿಂಡುವಷ್ಟು ಬೆವರು, ಜೊತೆಗೆ ಸೊಂಟ ನೋವು. ಟೈಫಾಯ್ಡ್ ಅಂತ ಎರಡು ಸಲ ಔಷಧಿ ಆಯಿತು. ಆಮೇಲೆ ರಕ್ತ ನೋಡಿದರೆ ಹಿಮೋಗ್ಲೋಬಿನ್ 9.2, ಬಿಳಿ ಕಣ 2,900, ಪ್ಲೇಟ್‌ಲೆಟ್ 78,000. ಮೂರೂ ಕಮ್ಮಿ ಇದೆ, ಬ್ಲಡ್ ಕ್ಯಾನ್ಸರ್ ಇದ್ದರೂ ಇರಬಹುದು ಅಂದರು. ಅವತ್ತು ಮನೆಯಲ್ಲಿ ಒಲೆ ಹಚ್ಚಲಿಲ್ಲ. ಸೊಂಟದ ಮೂಳೆಗೆ ಸೂಜಿ ಹಾಕಿ ಪರೀಕ್ಷೆ ಮಾಡಿದ ಮೇಲೆ ಕ್ಯಾನ್ಸರ್ ಅಲ್ಲ, ಬ್ರುಸೆಲ್ಲಾ ಅಂತ ಹೇಳಿ ಮಾತ್ರೆ ಕೊಟ್ಟಿದ್ದಾರೆ. ಕುರಿಯಿಂದ ಬರೋ ಜ್ವರ ರಕ್ತ ಹೇಗೆ ಕಮ್ಮಿ ಮಾಡುತ್ತದೆ? ರಕ್ತ ಹಾಕಿಸಬೇಕಾ? ನಿಜವಾಗಲೂ ಕ್ಯಾನ್ಸರ್ ಅಲ್ಲ ತಾನೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡ್ತೀನಿ, ನಿಮಗೆ ಬೇಕಾಗಿರೋದು ಅದೇ. ಮೂಳೆಯೊಳಗಿನ ಮಜ್ಜೆ ತೆಗೆದು ನೋಡಿದ್ದಾರೆ ಅಂದಮೇಲೆ ಈ ಅನುಮಾನ ಬಿಟ್ಟುಬಿಡಿ. ರಕ್ತದ ಕ್ಯಾನ್ಸರ್ ಇದ್ದರೆ ಮಜ್ಜೆಯ ತುಂಬ ಬಲಿಯದ, ಎಳೆ ಕಣಗಳೇ ತುಂಬಿಕೊಂಡಿರುತ್ತವೆ, ನೋಡಿದ ತಕ್ಷಣ ಗೊತ್ತಾಗುತ್ತದೆ. ನಿಮ್ಮವರ ರಿಪೋರ್ಟಿನಲ್ಲಿ ಅದು ಇಲ್ಲ ಅಂತ ಬರೆದಿದ್ದಾರೆ, ಜೊತೆಗೆ ಮಜ್ಜೆಯನ್ನು ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಇಟ್ಟಾಗ ಬ್ರುಸೆಲ್ಲಾ ಬೆಳೆದಿದೆ. ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಈ ಕಾಯಿಲೆಯಲ್ಲಿ ಸಿಗೋದು ಕಷ್ಟ. ರಕ್ತದಲ್ಲಿ ಸಿಗದ ರೋಗಾಣು ಎಷ್ಟೋ ಸಲ ಮಜ್ಜೆಯಲ್ಲಿ ಸಿಗುತ್ತದೆ.

ಅದು ಯಾಕೆ ಅಲ್ಲೇ ಸಿಗುತ್ತದೆ ಅನ್ನೋದು ಗೊತ್ತಾದರೆ ಕೌಂಟ್, ಅಂದರೆ ರಕ್ತಕಣಗಳ ಸಂಖ್ಯೆ, ಯಾಕೆ ಇಳಿಯಿತು ಅನ್ನೋದೂ ಗೊತ್ತಾಗುತ್ತದೆ. ನಮ್ಮ ಮೈಯಲ್ಲಿ ಹೊರಗಿನ ರೋಗಾಣುವನ್ನು ನುಂಗಿ ಕೊಲ್ಲುವ ದೊಡ್ಡ ಕಣಗಳಿವೆ, ಮ್ಯಾಕ್ರೊಫೇಜ್ ಅಂತ. ಬ್ರುಸೆಲ್ಲಾ ಕಿಲಾಡಿ, ಇದು ನುಂಗಿಸಿಕೊಳ್ಳುತ್ತದೆ, ಆದರೆ ಸಾಯೋದಿಲ್ಲ. ಆ ಕಣದೊಳಗೇ ಕೂತು ಮರಿ ಹಾಕುತ್ತದೆ, ಕಳ್ಳನೇ ಪೊಲೀಸ್ ಠಾಣೆಯಲ್ಲಿ ಸಂಸಾರ ಹೂಡಿದ ಹಾಗೆ. ಈ ನುಂಗುವ ಕಣಗಳು ಜಾಸ್ತಿ ಇರೋದು ಎಲ್ಲಿ? ಯಕೃತ್ತು, ಗುಲ್ಮ ಮತ್ತು ಮೂಳೆ ಮಜ್ಜೆಯಲ್ಲಿ. ಅಂದರೆ ರಕ್ತ ತಯಾರಾಗುವ ಜಾಗದಲ್ಲಿ, ಹಳೇ ರಕ್ತಕಣಗಳನ್ನು ವಿಲೇವಾರಿ ಮಾಡುವ ಜಾಗದಲ್ಲಿ. 1887ರಲ್ಲಿ ಡೇವಿಡ್ ಬ್ರೂಸ್ ಅನ್ನೋ ಬ್ರಿಟಿಷ್ ಸೇನಾ ವೈದ್ಯ ಮಾಲ್ಟಾ ದ್ವೀಪದಲ್ಲಿ ಈ ರೋಗಾಣುವನ್ನು ಮೊದಲು ಹಿಡಿದಿದ್ದೂ ಜ್ವರದಿಂದ ಸತ್ತ ಸೈನಿಕರ ಗುಲ್ಮದಿಂದಲೇ.

ಈಗ ಒಂದೊಂದಾಗಿ ನೋಡಿ. ಗುಲ್ಮ ಅನ್ನೋದು ಹೊಟ್ಟೆಯ ಎಡಗಡೆ ಪಕ್ಕೆಲುಬಿನ ಅಡಿಯಲ್ಲಿ ಇರೋ ಅಂಗ. ಆರೋಗ್ಯವಾಗಿದ್ದಾಗಲೂ ನಮ್ಮ ಪ್ಲೇಟ್‌ಲೆಟ್‌ಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಅದರೊಳಗೇ ಇರುತ್ತದೆ. ಕಾಯಿಲೆಯಿಂದ ಅದು ಊದಿಕೊಂಡರೆ ಇನ್ನೂ ಜಾಸ್ತಿ ಹಿಡಿದಿಟ್ಟುಕೊಳ್ಳುತ್ತದೆ, ಬಿಳಿ ಕಣ, ಕೆಂಪು ಕಣಗಳನ್ನೂ ಬೇಗ ಒಡೆಯುತ್ತದೆ. ಕೈಯಿಂದ ತೆಗೆದ ರಕ್ತದಲ್ಲಿ ಸಂಖ್ಯೆ ಕಮ್ಮಿ ಕಾಣುವುದಕ್ಕೆ ಇದೊಂದು ಕಾರಣ. ಇನ್ನು ಮಜ್ಜೆ. ಬ್ರುಸೆಲ್ಲಾ ಹೊಕ್ಕ ಕಡೆ ಸಣ್ಣ ಸಣ್ಣ ಗಂಟುಗಳಾಗುತ್ತವೆ, ಅವಕ್ಕೆ ಗ್ರಾನುಲೋಮಾ ಅನ್ನುತ್ತೇವೆ, ಕೌಂಟ್ ಇಳಿಯೋಕೆ ಅವು ಎರಡನೇ ಕಾರಣ. ಟಿಬಿಯಲ್ಲೂ ಇಂಥದ್ದೇ ಆಗುತ್ತದೆ. ಹಾಗಾಗಿ ಇದನ್ನು ಟಿಬಿ ಅಂದುಕೊಂಡು ಮದ್ದು ಶುರು ಮಾಡುವುದೂ ಉಂಟು, ಆ ಮದ್ದಿನಲ್ಲಿ ರಿಫಾಂಪಿಸಿನ್ ಇರುವುದರಿಂದ ಅರ್ಧಂಬರ್ಧ ಗುಣ ಕಂಡು ಗೊಂದಲ ಇನ್ನೂ ಜಾಸ್ತಿಯಾಗುತ್ತದೆ.

ಮೂರನೆಯದು ನೋಡೋಕೆ ಸ್ವಲ್ಪ ವಿಚಿತ್ರ. ಕೆಲವರ ಮಜ್ಜೆಯ ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ನಿಧಾನವಾಗಿ ಸರಿಸುತ್ತಾ ಹೋದರೆ, ಒಂದು ದೊಡ್ಡ ಮ್ಯಾಕ್ರೊಫೇಜ್ ಕಣ್ಣಿಗೆ ಬೀಳುತ್ತದೆ, ಅದರ ಹೊಟ್ಟೆಯೊಳಗೆ ಎರಡು ಮೂರು ಕೆಂಪು ಕಣ, ಪಕ್ಕದಲ್ಲಿ ಪುಡಿಪುಡಿಯಾಗಿ ಪ್ಲೇಟ್‌ಲೆಟ್, ಕೆಲವೊಮ್ಮೆ ಒಂದು ಇಡೀ ಬಿಳಿ ಕಣ. ರೋಗಾಣುವನ್ನು ತಿನ್ನಬೇಕಾದ ಕಣ ಕೆರಳಿ ಮನೆಯವರನ್ನೇ ತಿನ್ನುತ್ತಾ ಕೂತಿದೆ. ಮೂರೂ ಬಗೆಯ ಕಣ ಇಳಿದವರಲ್ಲಿ ಇದು ಬಹಳ ಸಲ ಕಾಣುತ್ತದೆ. ಇವಲ್ಲದೆ ಅಪರೂಪಕ್ಕೆ ಕೆಲವರ ಮೈ ತನ್ನ ಪ್ಲೇಟ್‌ಲೆಟ್ ಅಥವಾ ಕೆಂಪು ಕಣದ ಮೇಲೆಯೇ ಆ್ಯಂಟಿಬಾಡಿ ತಯಾರಿಸಿ ಹಾಳುಮಾಡುತ್ತದೆ, ಆಗ ಪ್ಲೇಟ್‌ಲೆಟ್ ಹತ್ತು ಸಾವಿರಕ್ಕಿಂತ ಕೆಳಗೂ ಹೋಗಿ ಮೂಗು, ವಸಡಿನಿಂದ ರಕ್ತ ಬರಬಹುದು. ಅಂಥವರಿಗೆ ಸ್ಟೆರಾಯ್ಡ್ ಬೇಕಾಗುತ್ತದೆ, ಪ್ಲೇಟ್‌ಲೆಟ್ ಹಾಕುವುದೂ ಇದೆ. ನಿಮ್ಮವರದು ಆ ಗುಂಪಲ್ಲ.

ರಕ್ತಹೀನತೆ ಮತ್ತು ಬಿಳಿ ಕಣ ಇಳಿಯುವುದು ಈ ಜ್ವರದಲ್ಲಿ ಸಾಮಾನ್ಯ. ಪ್ಲೇಟ್‌ಲೆಟ್ ಇಳಿಯುವುದು ಅದಕ್ಕಿಂತ ಕಮ್ಮಿ, ಮೂರೂ ಒಟ್ಟಿಗೆ ಇಳಿಯುವುದು ಇನ್ನೂ ಕಮ್ಮಿ, ಆದರೆ ಟರ್ಕಿ, ಇರಾನ್, ಸೌದಿ ಕಡೆಯ ವೈದ್ಯರು ಇದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನಿಮ್ಮ ಜಿಲ್ಲೆಗೂ ಇದು ಹೊಸದಲ್ಲ. ವಿಜಯಪುರದ ವೈದ್ಯಕೀಯ ಕಾಲೇಜಿನವರು ತಮ್ಮ 16 ವರ್ಷಗಳ ಅನುಭವವನ್ನು 2006ರಲ್ಲಿ ಪ್ರಕಟಿಸಿದರು, ಅದರಲ್ಲಿ ವಯಸ್ಕ ರೋಗಿಗಳೇ 495 ಮಂದಿ. ಅದಕ್ಕೂ ಮೊದಲು, 2004ರಲ್ಲಿ, 93 ಮಕ್ಕಳ ಬಗ್ಗೆ ಬರೆದಿದ್ದರು. ಇಷ್ಟಿದ್ದರೂ ಸಂಜೆ ಜ್ವರ, ಬೆವರು, ಸೊಂಟ ನೋವು ಅಂತ ಬಂದ ಕುರಿಗಾಹಿಗೆ ಎರಡೆರಡು ಸಲ ಟೈಫಾಯ್ಡ್ ಮದ್ದು ಕೊಡುತ್ತೇವೆ ಅಂದರೆ ಅದು ವೈದ್ಯರಾದ ನಮಗೆ ನಾಚಿಕೆಯ ವಿಷಯ. ಮನೆಯಲ್ಲಿ ಏನು ಸಾಕಿದ್ದೀರಿ, ಇತ್ತೀಚೆಗೆ ಯಾವುದಾದರೂ ಕುರಿ ಕಂದು ಹಾಕಿತಾ ಅಂತ ಕೇಳೋಕೆ ಅರ್ಧ ನಿಮಿಷ ಸಾಕು.

ರಕ್ತ ಹಾಕಿಸೋದು ಬೇಡ. ಹಿಮೋಗ್ಲೋಬಿನ್ 9.2ಕ್ಕೆ ಸಾಮಾನ್ಯವಾಗಿ ರಕ್ತ ಹಾಕುವುದಿಲ್ಲ, 78,000 ಪ್ಲೇಟ್‌ಲೆಟ್ ಇದ್ದು ಎಲ್ಲೂ ರಕ್ತ ಸೋರುತ್ತಿಲ್ಲ ಅಂದರೆ ಅದಕ್ಕೂ ಏನೂ ಹಾಕಬೇಕಿಲ್ಲ. ಬ್ರುಸೆಲ್ಲಾ ಮಾತ್ರೆ ಸರಿಯಾಗಿ ತೆಗೆದುಕೊಂಡರೆ ಕೆಲವೇ ವಾರಗಳಲ್ಲಿ ಬಿಳಿ ಕಣವೂ ಪ್ಲೇಟ್‌ಲೆಟ್ಟೂ ತಾವಾಗಿಯೇ ಏರುತ್ತವೆ. ಹಿಮೋಗ್ಲೋಬಿನ್ ಸ್ವಲ್ಪ ನಿಧಾನ. ಎರಡು ವಾರಕ್ಕೊಮ್ಮೆ ಸಿಬಿಸಿ (ಎಲ್ಲ ರಕ್ತಕಣಗಳನ್ನು ಎಣಿಸುವ ಪರೀಕ್ಷೆ) ಮಾಡಿಸಿ, ಮಾತ್ರೆ ಮುಗಿಯುವ ಹೊತ್ತಿಗೂ ಏರದಿದ್ದರೆ ಆಗ ಬೇರೆ ಕಾರಣ ಹುಡುಕೋಣ.

ಪ್ರಶ್ನೆ: ಚನ್ನರಾಯಪಟ್ಟಣ ಕಡೆಯಿಂದ ಬರೀತಿದ್ದೀನಿ. ನಾಲ್ಕು ಎಚ್‌ಎಫ್ ಹಸು ಇವೆ. ಒಂದು ಏಳು ತಿಂಗಳಿಗೇ ಕರು ಹಾಕಿತು, ಸತ್ತಿತ್ತು. ಮಾಸು ಬೀಳಲಿಲ್ಲ ಅಂತ ನಾನೇ ಕೈ ಹಾಕಿ ತೆಗೆದೆ. ಈಗ ಇಪ್ಪತ್ತು ದಿನದಿಂದ ಜ್ವರ, ಕೀಲು ನೋವು. ಟೈಫಾಯ್ಡ್‌ಗೆ ಮಾಡುವ ವಿಡಾಲ್ ಟೆಸ್ಟ್ ಪಾಸಿಟಿವ್ ಅಂತಾರೆ, ಡೆಂಗಿ ನೆಗೆಟಿವ್. ಬಿಳಿ ಕಣ 3,400, ಪ್ಲೇಟ್‌ಲೆಟ್ 1,20,000. ಯಾವ ಟೆಸ್ಟ್ ಮಾಡಿಸಲಿ?

ಉತ್ತರ: ಪತ್ರದ ಮೂರನೇ ಸಾಲಿಗೇ ನನಗೆ ಅನುಮಾನ ಬಂತು. ಏಳು ತಿಂಗಳ ಗಬ್ಬ ಹೋಗುವುದು, ಮಾಸು ಬೀಳದಿರುವುದು, ಎರಡೂ ಹಸುವಿಗೆ ಬ್ರುಸೆಲ್ಲಾ ಇರುವ ಗುರುತು. ಆ ಮಾಸಿನಲ್ಲಿ, ಗರ್ಭದ ನೀರಿನಲ್ಲಿ ರೋಗಾಣು ಕೋಟಿಗಟ್ಟಲೆ ಇರುತ್ತದೆ, ಕೈಯಲ್ಲಿ ಸಣ್ಣ ಗಾಯ ಇದ್ದರೂ ಸಾಕು ಒಳಗೆ ಹೋಗೋಕೆ.

ರೋಸ್ ಬೆಂಗಾಲ್ ಅನ್ನೋ ಪರೀಕ್ಷೆ ಇದೆ, ಗುಲಾಬಿ ಬಣ್ಣದ ದ್ರಾವಣದ ಜೊತೆ ನಿಮ್ಮ ಸೀರಮ್ಮಿನ (ರಕ್ತದ ತಿಳಿ ಭಾಗ) ಹನಿ ಬೆರೆಸಿ ನಾಲ್ಕು ನಿಮಿಷ ಆಡಿಸಿದರೆ ಕಣಕಣವಾಗಿ ಒಡೆಯುತ್ತದಾ ಅಂತ ನೋಡೋದು. ಅಗ್ಗದ್ದು, ಬೇಗ ಆಗುತ್ತದೆ. ಅದು ಪಾಸಿಟಿವ್ ಬಂದರೆ ಟ್ಯೂಬ್ ಅಗ್ಲುಟಿನೇಶನ್ ಮಾಡಿಸಿ, ಅದರಲ್ಲಿ 1:160 (ಸೀರಮ್ಮನ್ನು 160 ಪಟ್ಟು ತೆಳು ಮಾಡಿದರೂ ಪಾಸಿಟಿವ್ ಅಂತ ಅರ್ಥ) ಅಥವಾ ಮೇಲೆ ಬಂದು ಜ್ವರವೂ ಇದ್ದರೆ ಬ್ರುಸೆಲ್ಲಾ ಅಂತ ಸಾಮಾನ್ಯವಾಗಿ ತೀರ್ಮಾನಿಸುತ್ತೇವೆ. ಎಲೈಸಾ ಅನ್ನೋ ರಕ್ತ ಪರೀಕ್ಷೆ ಕೂಡ ಸಿಗುತ್ತದೆ. ಆದಷ್ಟೂ ಆ್ಯಂಟಿಬಯಾಟಿಕ್ ಶುರುವಾಗುವ ಮೊದಲೇ ಬ್ಲಡ್ ಕಲ್ಚರ್‌ಗೂ ಕೊಡಿ, ಮತ್ತು ದಯವಿಟ್ಟು ಲ್ಯಾಬಿನವರಿಗೆ ಬ್ರುಸೆಲ್ಲಾ ಅನುಮಾನ ಇದೆ ಅಂತ ಚೀಟಿಯಲ್ಲಿ ಬರೆಸಿ. ಎರಡು ಕಾರಣಕ್ಕೆ. ಇದು ನಿಧಾನವಾಗಿ ಬೆಳೆಯುವ ರೋಗಾಣು, ಗೊತ್ತಿಲ್ಲದಿದ್ದರೆ ಬಾಟಲಿಯನ್ನು ಬೇಗ ಎಸೆದುಬಿಡಬಹುದು. ಇನ್ನೊಂದು, ಕಲ್ಚರ್ ಪ್ಲೇಟ್ ತೆರೆದಾಗ ಗಾಳಿಯಲ್ಲಿ ಹಾರಿ ಲ್ಯಾಬಿನ ಹುಡುಗರಿಗೇ ಅಂಟುತ್ತದೆ. ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಅಂಟುವ ಸೋಂಕುಗಳಲ್ಲಿ ಇದಕ್ಕೆ ಮುಂದಿನ ಸಾಲಿನ ಜಾಗ.

ವಿಡಾಲ್ ಬಗ್ಗೆ ಕೋಪ ಮಾಡಿಕೊಳ್ಳದೆ ಬರೆಯೋದು ಕಷ್ಟ. ಒಂದೇ ಒಂದು ಸಲ ಮಾಡಿದ ವಿಡಾಲ್ ನಂಬಿಕೊಂಡು ಟೈಫಾಯ್ಡ್ ಅನ್ನೋದು ನಮ್ಮ ಕಡೆ ಚಟವಾಗಿದೆ. ಟೈಫಾಯ್ಡ್‌ನಲ್ಲೂ ಬಿಳಿ ಕಣ ಇಳಿಯುತ್ತದೆ, ಬ್ರುಸೆಲ್ಲಾದಲ್ಲೂ ಇಳಿಯುತ್ತದೆ, ಹಾಗಾಗಿ ಕೌಂಟ್ ನೋಡಿ ಎರಡನ್ನೂ ಬೇರೆ ಮಾಡೋಕೆ ಆಗಲ್ಲ. ಡೆಂಗಿಯದು ಬೇರೆ ನಡೆ. ಅಲ್ಲಿ ಪ್ಲೇಟ್‌ಲೆಟ್ ನಾಲ್ಕೈದು ದಿನಕ್ಕೆ ಸರಸರ ಇಳಿದು, ವಾರ ಹತ್ತು ದಿನದಲ್ಲಿ ಅಷ್ಟೇ ಬೇಗ ಏರುತ್ತದೆ. ಇಪ್ಪತ್ತು ದಿನವಾದರೂ ಜ್ವರವಿದೆ, ಕೌಂಟ್ ಸ್ವಲ್ಪ ಇಳಿದು ಅಲ್ಲೇ ಕೂತಿದೆ ಅಂದರೆ ಡೆಂಗಿ ಬಿಟ್ಟು ಬೇರೆ ಯೋಚನೆ ಮಾಡಬೇಕು. ಬಿಳಿ ಕಣಗಳ ವಿಂಗಡಣೆಯಲ್ಲಿ ಲಿಂಫೋಸೈಟ್ ಪಾಲು ಜಾಸ್ತಿ ಇದೆಯಾ ನೋಡಿ, ಬ್ರುಸೆಲ್ಲಾದಲ್ಲಿ ಹಾಗಿರುವುದುಂಟು. ಇಎಸ್‌ಆರ್ (ಮೈಯಲ್ಲಿ ಉರಿಯೂತ ಇದೆಯಾ ಅಂತ ತೋರಿಸುವ ರಕ್ತ ಪರೀಕ್ಷೆ) ಸುಮಾರಾಗಿ ಏರಿರಬಹುದು, ಏರದೆಯೂ ಇರಬಹುದು, ಅದರಿಂದ ಹೆಚ್ಚೇನೂ ತಿಳಿಯಲ್ಲ. ಲಿವರ್ ಟೆಸ್ಟಿನಲ್ಲಿ ಎಎಲ್‌ಟಿ, ಎಎಸ್‌ಟಿ ಸ್ವಲ್ಪ ಮೇಲಿದ್ದರೆ ಕಾಮಾಲೆ ಅಂತ ಬೇರು ಕುಡಿಯೋಕೆ ಹೋಗಬೇಡಿ, ಇದೇ ರೋಗದ ಭಾಗ ಅದು.

ಹಸುವಿನ ರಕ್ತವನ್ನೂ ಪಶುವೈದ್ಯರ ಹತ್ತಿರ ಪರೀಕ್ಷೆ ಮಾಡಿಸಿ. ಬೆಂಗಳೂರಿನ ಯಲಹಂಕದಲ್ಲಿ ನಿವೇದಿ ಅನ್ನೋ ಕೇಂದ್ರ ಸರ್ಕಾರದ ಸಂಸ್ಥೆ ಜಾನುವಾರುಗಳ ಈ ರೋಗದ ಮೇಲೆಯೇ ಬಹಳ ಕೆಲಸ ಮಾಡಿದೆ, ಹಾಗಾಗಿ ನಮ್ಮ ರಾಜ್ಯದ ಪಶುವೈದ್ಯರಿಗೆ ಇದು ಗೊತ್ತಿರುವ ವಿಷಯ. ಮುಂದಿನ ಸಲ ಮಾಸು ಬೀಳದಿದ್ದರೆ ಅವರನ್ನೇ ಕರೆಯಿರಿ, ಬಿದ್ದದ್ದನ್ನು ನಾಯಿಗೆ ಹಾಕದೆ ಆಳ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ.

ಪ್ರಶ್ನೆ: ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದೀನಿ. ಡೆಂಗಿ ಆಗಿ ಪ್ಲೇಟ್‌ಲೆಟ್ 60,000ಕ್ಕೆ ಬಂದಿದೆ. ಹಸಿ ಮೇಕೆ ಹಾಲು ಕುಡಿದರೆ ಏರುತ್ತೆ ಅಂತ ಅಮ್ಮ ಊರಿಂದ ಬಸ್ಸಲ್ಲಿ ಬಾಟಲಿ ಕಳಿಸ್ತಿದ್ದಾರೆ. ಕುಡೀಲಾ?

ಉತ್ತರ: ಹಸಿಯಾಗಿ ಬೇಡವೇ ಬೇಡ. ಮೇಕೆ ಹಾಲಿನಿಂದ ಪ್ಲೇಟ್‌ಲೆಟ್ ಏರುತ್ತದೆ ಅನ್ನೋದಕ್ಕೆ ಆಧಾರ ಇಲ್ಲ, ಡೆಂಗಿಯಲ್ಲಿ ಅದು ತಾನಾಗಿ ಏರುವ ಹೊತ್ತಿಗೆ ಯಾರು ಏನು ಕುಡಿದಿರುತ್ತಾರೋ ಅದಕ್ಕೆ ಹೆಸರು ಬರುತ್ತದೆ, ಅಷ್ಟೇ. ಆ ಮೇಕೆಗೆ ಬ್ರುಸೆಲ್ಲಾ ಇದ್ದರೆ ನೀವು ಪ್ಲೇಟ್‌ಲೆಟ್ ಏರಲಿ ಅಂತ ಕುಡಿದದ್ದು ಒಂದೆರಡು ತಿಂಗಳ ನಂತರ ಪ್ಲೇಟ್‌ಲೆಟ್ ಇಳಿಸುವ ಜ್ವರವಾಗಿ ವಾಪಸ್ ಬರುತ್ತದೆ. ಮೇಕೆಯಿಂದ ಬರುವ ಬ್ರುಸೆಲ್ಲಾ ಮೆಲಿಟೆನ್ಸಿಸ್ ಅನ್ನೋ ತಳಿ ದನದ ತಳಿಗಿಂತ ಮನುಷ್ಯರನ್ನು ಜಾಸ್ತಿ ಕಾಡುತ್ತದೆ. ಮಾಲ್ಟಾದಲ್ಲಿ ಸೈನಿಕರು ಯಾಕೆ ಸಾಲುಸಾಲಾಗಿ ಮಲಗುತ್ತಿದ್ದರು ಅನ್ನೋದು 1905ರಲ್ಲಿ ಗೊತ್ತಾಯಿತು. ಥೆಮಿಸ್ಟೊಕ್ಲೀಸ್ ಝಾಮಿಟ್ ಅನ್ನೋ ಅಲ್ಲಿನ ವೈದ್ಯ ಮೇಕೆಗಳ ರಕ್ತ ಪರೀಕ್ಷಿಸಿದಾಗ ನೋಡೋಕೆ ಗಟ್ಟಿಮುಟ್ಟಾಗಿದ್ದ ಮೇಕೆಗಳಲ್ಲೇ ರೋಗ ಇತ್ತು. ಮರುವರ್ಷ ಸೈನಿಕರಿಗೆ ಮೇಕೆ ಹಾಲು ಕೊಡುವುದನ್ನು ನಿಲ್ಲಿಸಿದರು, ಜ್ವರ ಇಳಿದುಹೋಯಿತು.

ಅಮ್ಮನಿಗೆ ಬೇಜಾರಾಗುತ್ತೆ ಅಂದರೆ ಚೆನ್ನಾಗಿ ಉಕ್ಕಿಸಿ ಕುಡಿಯಿರಿ, ಹಾಲು ಹಾಲಾಗಿ ಒಳ್ಳೆಯದೇ. ಬಸ್ಸಲ್ಲಿ ಬರುವಷ್ಟರಲ್ಲಿ ಒಡೆದಿರುತ್ತದೆ ಅನ್ನೋದು ಬೇರೆ ಮಾತು. ನೀರು, ಓಆರ್‌ಎಸ್ ಚೆನ್ನಾಗಿ ಕುಡಿಯಿರಿ, ನಿಮ್ಮ ಡಾಕ್ಟರ್ ಹೇಳಿದ ದಿನ ಕೌಂಟ್ ಮಾಡಿಸಿ. ಹೊಟ್ಟೆ ನೋವು, ನಿಲ್ಲದ ವಾಂತಿ, ರಕ್ತಸ್ರಾವ ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನನ್ನ ತಮ್ಮನಿಗೆ ಬ್ರುಸೆಲ್ಲಾ ಅಂತ ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಕೊಟ್ಟಿದ್ದಾರೆ, ಆರು ವಾರಕ್ಕೆ. ಎರಡೂವರೆ ವಾರಕ್ಕೇ ಜ್ವರ ಹೋಯಿತು, ಬಿಳಿ ಕಣ, ಪ್ಲೇಟ್‌ಲೆಟ್ ನಾರ್ಮಲ್ ಬಂತು. ಮೂತ್ರ ಕಿತ್ತಳೆ ಬಣ್ಣ ಬರ್ತಿದೆ, ರಕ್ತ ಹೋಗ್ತಿದೆ ಅಂತ ಹೆದರಿ ಮಾತ್ರೆ ನಿಲ್ಲಿಸಬೇಕು ಅಂತಿದ್ದಾನೆ. ಹಿಮೋಗ್ಲೋಬಿನ್ ಮಾತ್ರ ಇನ್ನೂ 10. ಕಬ್ಬಿಣದ ಮಾತ್ರೆ ಕೊಡಲಾ?

ಉತ್ತರ: ನಿಲ್ಲಿಸೋಕೆ ಬಿಡಬೇಡಿ. ಕೌಂಟ್ ನಾರ್ಮಲ್ ಆಗಿದ್ದು ಮಾತ್ರೆ ಕೆಲಸ ಮಾಡುತ್ತಿದೆ ಅನ್ನೋದಕ್ಕೆ ಗುರುತು, ರೋಗಾಣು ಖಾಲಿ ಆಗಿದೆ ಅನ್ನೋದಕ್ಕಲ್ಲ. ಕಣದೊಳಗೆ ಅಡಗಿ ಕೂತಿರೋದನ್ನು ತೆಗೆಯೋಕೇ ಎರಡು ಔಷಧಿ, ಆರು ವಾರ. ಪೂರ್ತಿ ತೆಗೆದುಕೊಂಡವರಲ್ಲೇ ಕೆಲವರಿಗೆ ಮತ್ತೆ ಬರುತ್ತದೆ, ಅರ್ಧಕ್ಕೆ ಬಿಟ್ಟವರ ಕಥೆ ಕೇಳಬೇಕಾ? ಬೆನ್ನುಮೂಳೆಗೆ ಇಳಿದಿದ್ದರೆ ಆರು ವಾರವೂ ಸಾಲದು, ಮೂರು ತಿಂಗಳಾದರೂ ಬೇಕಾಗುತ್ತದೆ. ಕಿತ್ತಳೆ ಬಣ್ಣ ರಿಫಾಂಪಿಸಿನ್‌ನದು, ಬೆವರು, ಕಣ್ಣೀರು ಕೂಡ ಆ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಕಿಲ್ಲ.

ಒಂದು ವಿಷಯಕ್ಕೆ ಮಾತ್ರ ಕಣ್ಣಿಟ್ಟಿರಿ. ಏರಿದ್ದ ಪ್ಲೇಟ್‌ಲೆಟ್ ಮಾತ್ರೆ ತೆಗೆದುಕೊಳ್ಳುತ್ತಿರುವಾಗಲೇ ಮತ್ತೆ ಧಡಕ್ಕನೆ ಇಳಿದರೆ, ಕಾಲಿನ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ ಎದ್ದರೆ, ಅದು ಕಾಯಿಲೆಯಲ್ಲ, ರಿಫಾಂಪಿಸಿನ್ನೇ ಕಾರಣ ಇರಬಹುದು. ಅದರಲ್ಲೂ ಎರಡು ದಿನ ಬಿಟ್ಟು ಮೂರು ದಿನ ನುಂಗುವವರಲ್ಲಿ ಈ ತೊಂದರೆ ಜಾಸ್ತಿ. ಅಂಥ ಚುಕ್ಕೆ ಕಂಡ ದಿನವೇ ಡಾಕ್ಟರ್ ಹತ್ತಿರ ಹೋಗಿ, ಅವರು ಔಷಧಿ ಬದಲಾಯಿಸುತ್ತಾರೆ. ಡಾಕ್ಸಿಸೈಕ್ಲಿನ್ ಜೊತೆ ಎರಡು ಮೂರು ವಾರ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಕೊಡುವ ಕ್ರಮವೂ ಇದೆ.

ಕಬ್ಬಿಣದ ಮಾತ್ರೆ ಸುಮ್ನೆ ಶುರು ಮಾಡಬೇಡಿ. ದೀರ್ಘ ಜ್ವರದಲ್ಲಿ ಮೈ ಕಬ್ಬಿಣವನ್ನು ರೋಗಾಣುವಿಗೆ ಸಿಗದ ಹಾಗೆ ಒಳಗೆ ಬಚ್ಚಿಡುತ್ತದೆ. ಕಬ್ಬಿಣ ಇದೆ, ಮಜ್ಜೆಗೆ ಸಿಗುತ್ತಿಲ್ಲ. ಸೋಂಕು ಇಳಿದರೆ ಬೀಗ ತಾನಾಗಿ ತೆರೆಯುತ್ತದೆ. ಅಲ್ಲದೆ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಡಾಕ್ಸಿಸೈಕ್ಲಿನ್ ಜೊತೆಗೇ ನುಂಗಿದರೆ ಡಾಕ್ಸಿಸೈಕ್ಲಿನ್ ರಕ್ತಕ್ಕೆ ಸರಿಯಾಗಿ ಸೇರೋದಿಲ್ಲ, ಇದನ್ನು ಅಂಗಡಿಯವರು ಹೇಳುವುದಿಲ್ಲ. ಆರು ವಾರ ಮುಗಿದ ಮೇಲೂ 10ರಲ್ಲೇ ನಿಂತರೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಪರೀಕ್ಷೆ) ಮಾಡಿಸಿ. ಅದು ಕಮ್ಮಿ ಬಂದರೆ ಆಗ ಕಬ್ಬಿಣ.

ಪ್ರಶ್ನೆ: ಡಾಕ್ಟರೇ, ನಾನು ಉಡುಪಿಯವನು, ಸೌದಿಯಲ್ಲಿ ಕೆಲಸ. ಗೆಳೆಯರ ಜೊತೆ ಮರುಭೂಮಿಗೆ ಹೋದಾಗ ಅಲ್ಲೇ ಕರೆದ ಒಂಟೆ ಹಾಲು ಕುಡಿದೆವು. ಜೊತೆಗಿದ್ದ ಒಬ್ಬನಿಗೆ ಬ್ರುಸೆಲ್ಲಾ ಬಂತು. ನನಗೆ ಏನೂ ಇಲ್ಲ, ಆದರೂ ಟೆಸ್ಟ್ ಮಾಡಿಸಿದರೆ 1:80 ಬಂದಿದೆ, ಸಿಬಿಸಿ ನಾರ್ಮಲ್. ಮಾತ್ರೆ ಬೇಕಾ?

ಉತ್ತರ: ಜ್ವರ ಇಲ್ಲ, ಬೆವರು ಇಲ್ಲ, ನೋವು ಇಲ್ಲ, ಕೌಂಟ್ ಸರಿಯಿದೆ ಅಂದರೆ ಆ ಸಂಖ್ಯೆಗೇ ಮಾತ್ರೆ ಕೊಡುವುದಿಲ್ಲ. ಆದರೆ ಎರಡು ಮೂರು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೆ ಮಾಡಿಸಿ, ನಾಲ್ಕು ಪಟ್ಟು ಏರಿದ್ದರೆ ಅದು ಬೇರೆ ಮಾತು. ಅಷ್ಟರಲ್ಲಿ ರಜೆಗೆ ಊರಿಗೆ ಬಂದು ಜ್ವರ ಬಂದರೆ ಒಂಟೆ ಹಾಲಿನ ವಿಷಯ ಮೊದಲೇ ಹೇಳಿ. ಕರಾವಳಿಯಲ್ಲಿ ಜ್ವರ, ಪ್ಲೇಟ್‌ಲೆಟ್ ಕಮ್ಮಿ ಅಂದರೆ ಡೆಂಗಿ, ಮಲೇರಿಯಾ, ಇಲಿ ಜ್ವರ ಅಂತ ಹುಡುಕುತ್ತಾರೆ, ಒಂಟೆ ಯಾರ ನೆನಪಿಗೂ ಬರಲ್ಲ.

ಪ್ರಶ್ನೆ: ಗಿಣ್ಣು ತಿಂದರೂ ಬರುತ್ತಾ? ಹೆಂಡತಿ ನಾಲ್ಕು ತಿಂಗಳ ಗರ್ಭಿಣಿ, ಮನೆಯಲ್ಲಿ ನನಗೆ ಬ್ರುಸೆಲ್ಲಾ ಇದೆ, ಅವಳಿಗೆ ಅಂಟುತ್ತಾ?

ಉತ್ತರ: ಗಿಣ್ಣು ಹಬೆಯಲ್ಲಿ ಬೆಂದಿರುತ್ತದೆ, ಪೂರ್ತಿ ಬೆಂದಿದ್ದರೆ ಧಾರಾಳವಾಗಿ ತಿನ್ನಿ. ಗಿಣ್ಣದ ಹಾಲನ್ನು ಹಸಿಯಾಗಿ ನೆಕ್ಕಿ ರುಚಿ ನೋಡುವುದು ಬೇಡ. ಮನುಷ್ಯರಿಂದ ಮನುಷ್ಯರಿಗೆ ಇದು ಅಂಟುವುದು ಬಲು ಅಪರೂಪ, ಆದರೆ ನೀವು ಕುಡಿದ ಹಾಲನ್ನೇ ಅವರೂ ಕುಡಿದಿರುತ್ತಾರೆ, ಕೊಟ್ಟಿಗೆ ಕಸವನ್ನೂ ತೆಗೆದಿರುತ್ತಾರೆ, ಭಯ ಇರೋದು ಅಲ್ಲಿಂದ. ಗರ್ಭಿಣಿಗೆ ಬ್ರುಸೆಲ್ಲಾ ಬಂದರೆ ಗರ್ಭಪಾತದ ಅಪಾಯ ಇದೆ. ಹಾಗಾಗಿ ಜ್ವರ ಇರಲಿ ಬಿಡಲಿ, ಈಗಲೇ ಒಂದು ಸಿಬಿಸಿ, ಒಂದು ಬ್ರುಸೆಲ್ಲಾ ಪರೀಕ್ಷೆ ಮಾಡಿಸಿ. ಗರ್ಭಿಣಿಯರಲ್ಲಿ ಹಿಮೋಗ್ಲೋಬಿನ್ ಹೇಗೂ ಸ್ವಲ್ಪ ಇಳಿದಿರುತ್ತದೆ, ಪ್ಲೇಟ್‌ಲೆಟ್ಟೂ ಕೊಂಚ ಇಳಿಯಬಹುದು, ಅದನ್ನೇ ನೋಡಿ ಗಾಬರಿ ಬೀಳಬೇಡಿ. ನಿಮಗೆ ಕೊಟ್ಟ ಡಾಕ್ಸಿಸೈಕ್ಲಿನ್ ಅವರಿಗೆ ಕೊಡಬಾರದು, ಬೇಕಾದರೆ ರಿಫಾಂಪಿಸಿನ್ ಆಧಾರದ ಚಿಕಿತ್ಸೆಯನ್ನು ಹೆರಿಗೆ ವೈದ್ಯರು ನಿರ್ಧರಿಸುತ್ತಾರೆ. ಅಲ್ಲಿಯವರೆಗೆ ಕರು ಹಾಕುವ ಹಸುವಿನ ಹತ್ತಿರ ಅವರನ್ನು ಬಿಡಬೇಡಿ.

ಪ್ರಶ್ನೆ: ಪಶು ಆಸ್ಪತ್ರೆಯಲ್ಲಿ ಸಹಾಯಕನಾಗಿದ್ದೇನೆ. ಕರುಗಳಿಗೆ ಬ್ರುಸೆಲ್ಲಾ ಲಸಿಕೆ ಹಾಕುವಾಗ ನಿನ್ನೆ ಸೂಜಿ ನನ್ನ ಬೆರಳಿಗೆ ಚುಚ್ಚಿತು. ಲಸಿಕೆ ಅಲ್ವಾ, ಒಳ್ಳೆಯದೇ ಆಯಿತು ಅಂತ ಸಹೋದ್ಯೋಗಿಗಳು ನಗ್ತಿದ್ದಾರೆ.

ಉತ್ತರ: ನಗುವ ವಿಷಯ ಅಲ್ಲ ಇದು. 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಜೀವನದಲ್ಲಿ ಒಂದೇ ಸಲ ಹಾಕುವ ಎಸ್19 ಲಸಿಕೆಯಲ್ಲಿ ಇರೋದು ಜೀವಂತ ರೋಗಾಣು. ಕರುವಿಗೆ ಅದು ರಕ್ಷಣೆ, ಮನುಷ್ಯನಿಗೆ ಕಾಯಿಲೆ ತರಬಲ್ಲದು. ಮನುಷ್ಯರಿಗೆ ಹಾಕುವ ಬ್ರುಸೆಲ್ಲಾ ಲಸಿಕೆ ನಮ್ಮಲ್ಲಿ ಇಲ್ಲ. ಇವತ್ತೇ ಫಿಸಿಶಿಯನ್ ಹತ್ತಿರ ಹೋಗಿ, ಲಸಿಕೆಯ ಖಾಲಿ ವಯಲ್ ತೆಗೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಸಾಮಾನ್ಯವಾಗಿ ಮೂರು ವಾರ ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಕೊಡುತ್ತಾರೆ. ಇವತ್ತಿನ ರಕ್ತದಲ್ಲಿ ಸಿಬಿಸಿ ಮತ್ತು ಬ್ರುಸೆಲ್ಲಾ ಪರೀಕ್ಷೆ ಮಾಡಿಸಿ ಇಟ್ಟುಕೊಳ್ಳಿ, ಮುಂದೆ ಹೋಲಿಸೋಕೆ ಅದು ಬೇಕು. ಆಮೇಲೆ ಆರು ತಿಂಗಳವರೆಗೆ ಆರಾರು ವಾರಕ್ಕೊಮ್ಮೆ ಪರೀಕ್ಷೆ. ಈ ನಡುವೆ ಜ್ವರ ಬಂದರೆ ಸೂಜಿ ಚುಚ್ಚಿದ ದಿನಾಂಕ ಹೇಳಿ. ನಕ್ಕ ಸಹೋದ್ಯೋಗಿಗಳಿಗೆ ಮುಂದಿನ ಕ್ಯಾಂಪಿನಿಂದ ಕೈಗವಸು, ಕನ್ನಡಕ ಹಾಕಿಕೊಳ್ಳೋಕೆ ಹೇಳಿ, ಹನಿ ಕಣ್ಣಿಗೆ ಸಿಡಿದರೂ ಇದೇ ಗತಿ.